ಹೆಸರಿಗೊಂದು ಮುದ್ರೆ, ಮುದ್ರೆಗೊಂದು ಮರ್ಯಾದೆ

ಸರಕಿಗೆ ಹೆಸರಿಟ್ಟು, ಆ ಹೆಸರಿಗೆ ಮುದ್ರೆಯೊತ್ತಿ ಮಾರುವ ವಿದ್ಯೆ ಪಶ್ಚಿಮದಿಂದ ಬಂದದ್ದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. 'ಬ್ರ್ಯಾಂಡ್' ಎಂಬ ಪದ ಅಲ್ಲಿಯದೆಂಬುದು ನಿಜ. ಆದರೆ ಅದರ ಹಿಂದಿನ ತತ್ತ್ವ ರೋಣ ಸೀಮೆಯ ಕಲ್ಲುಗಳಿಗೆ ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು. ಇಂದು ಜೋಡುಕಳಶದ ಗುಡಿಗೂ ನಾಗಕುಂಡಕ್ಕೂ ಹೆಸರಾಗಿರುವ ಸೂಡಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ ಊರು. ಅದರ ನೆರೆಯ ಲಕ್ಕುಂಡಿಯಲ್ಲಿಯೂ ನಾಣ್ಯಗಳು ಅಚ್ಚಾಗುತ್ತಿದ್ದವು. ಶಾಸನಗಳಲ್ಲಿ ಬರುವ 'ಲೊಕ್ಕಿ ಗದ್ಯಾಣ'ಕ್ಕೆ ಲೊಕ್ಕಿಗುಂಡಿ ಎಂಬ ಆ ಊರೇ ಹೆಸರು ಕೊಟ್ಟಿತು.

ಈ ಒಂದು ಪದದಲ್ಲಿ ವ್ಯಾಪಾರಶಾಸ್ತ್ರದ ದೊಡ್ಡ ಪಾಠವೊಂದು ಅಡಗಿದೆ. ದೂರದ ಸಂತೆಯ ಸೆಟ್ಟಿ ಕೈಗೆ ಬಂದ ಪ್ರತಿಯೊಂದು ಹೊನ್ನನ್ನೂ ಕರಗಿಸಿ ನೋಡಲಾರ. ಟಂಕಿಸಿದ ಅಕ್ಕಸಾಲಿಗನೂ ನಾಣ್ಯದ ಜೊತೆಗೆ ಪ್ರವಾಸ ಮಾಡಲಾರ. ಅವರಿಬ್ಬರ ನಡುವೆ ಓಡಾಡುವುದು ಹೆಸರೊಂದೇ. ತೂಕವೂ ಬಣ್ಣವೂ ಸುಳ್ಳಾಗದಿರುವಷ್ಟು ಕಾಲ ಆ ಹೆಸರು ಚಲಾವಣೆಯಲ್ಲಿರುತ್ತದೆ. ಮಲಪ್ರಭೆಯ ದಂಡೆಯ ಅಯ್ಯಾವೊಳೆಯ ಐನೂರ್ವರು ದಕ್ಷಿಣಾಪಥವನ್ನೆಲ್ಲ ಸುತ್ತಿದ್ದು ಇದೇ ಬಲದಿಂದ. ಅವರಿಗೆ ತಮ್ಮದೇ ಬಿರುದಾವಳಿಯಿತ್ತು, ತಮ್ಮದೇ ಧ್ವಜವಿತ್ತು. ಅವೆರಡಕ್ಕಿಂತ ಮಿಗಿಲಾಗಿ 'ವೀರಬಣಂಜು ಧರ್ಮ'ವೆಂಬ ಕಟ್ಟುಪಾಡಿತ್ತು. ಧ್ವಜಕ್ಕೆ ಬೆಲೆ ಬಂದದ್ದು ಆ ಕಟ್ಟುಪಾಡಿನಿಂದ.

ಹೆಸರನ್ನು ಕಾಯದಿದ್ದರೆ ಏನಾಗುತ್ತದೆಂಬುದಕ್ಕೂ ನಮ್ಮ ನೆಲದಲ್ಲಿಯೇ ನಿದರ್ಶನವಿದೆ. ನರಗುಂದ, ರೋಣ, ಗದಗುಗಳ ಎರೆಭೂಮಿ ಹತ್ತಿಯ ನಾಡು. ಇಲ್ಲಿ ಬೆಳೆದ ದೇಶೀ ಹತ್ತಿ ಎತ್ತುಗಳ ಬೆನ್ನೇರಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. ಪರದೇಶದ ಪೇಟೆ ಅದನ್ನು ಗುರುತಿಸಿದ್ದು 'ಕುಮಟಾ ಹತ್ತಿ' ಎಂದು. ಬೆಳೆದ ಹೊಲಕ್ಕೆ ದುಡಿಮೆ ಉಳಿಯಿತು, ಹಡಗೇರಿಸಿದ ಬಂದರಿಗೆ ಹೆಸರು ದಕ್ಕಿತು! 1840ರ ದಶಕದಲ್ಲಿ ಅಮೆರಿಕದ ತಳಿ ಇಲ್ಲಿ ಬೇರೂರಿದ ಮೇಲೆ ಧಾರವಾಡದ ಹೆಸರಿನ ಹತ್ತಿಯೂ ಇಂಗ್ಲೆಂಡಿನ ಪೇಟೆಯಲ್ಲಿ ಪ್ರಸಿದ್ಧವಾಯಿತು. ಆದರೆ 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಬೆಲೆ ಗಗನಕ್ಕೇರಿದಾಗ ಆಸೆಯೂ ಏರಿತು. ಒಳ್ಳೆಯದರೊಡನೆ ಹೊಲಸನ್ನು ಬೆರೆಸಿ ತೂಕ ಹೆಚ್ಚಿಸುವ ಚಾಳಿ ಮುಂಬಯಿ ಪ್ರಾಂತವನ್ನೆಲ್ಲ ವ್ಯಾಪಿಸಿತು. 1863ರಲ್ಲಿ ಸರಕಾರ ಹತ್ತಿಯ ಮೋಸವನ್ನು ತಡೆಯಲೆಂದೇ ಒಂದು ಕಾಯಿದೆ ಮಾಡಬೇಕಾಯಿತು. ಬೆರಕೆ ಮಾಡಿದವರು ಕೆಲವರು. ಕೆಟ್ಟ ಹೆಸರು ಹೊತ್ತದ್ದು ಇಡೀ ಸೀಮೆ.

ಈಗ ಗಜೇಂದ್ರಗಡಕ್ಕೆ ಬರೋಣ. 1787ರಲ್ಲಿ ಮರಾಠರಿಗೂ ಟೀಪೂ ಸುಲ್ತಾನನಿಗೂ ಒಪ್ಪಂದವಾದ ಊರೆಂದು ಇತಿಹಾಸದ ಪುಸ್ತಕಗಳು ಇದನ್ನು ಸ್ಮರಿಸುತ್ತವೆ. ಕೋಟೆಯ ಬುಡದ ಓಣಿಗಳಲ್ಲಿ ಕೇಳುವ ಲಾಳಿಯ ಸದ್ದಿಗೆ ಆ ಪುಸ್ತಕಗಳಲ್ಲಿ ಜಾಗವಿಲ್ಲ. ಇಲ್ಲಿಯ 'ಪಟ್ಟೇದ ಅಂಚಿನ' ಸೀರೆ ನೂಲಿನದು. ಒಡಲಿಗೂ ದಡಿಗೂ ಎದ್ದು ಕಾಣುವ ಬಣ್ಣಭೇದ. ಒಳಮೈ ಹೊರಮೈಗಳೆರಡೂ ಉಡಲು ಯೋಗ್ಯ. ಸವದತ್ತಿಯ ಎಲ್ಲಮ್ಮನಿಗೆ ಉಡಿಸುವ ಸೀರೆಯಾಗಿಯೂ ಅದು ಮಾನ್ಯವಾಗಿತ್ತು. ಇಂಥ ನೇಯ್ಗೆ ನಮ್ಮ ಕಣ್ಣೆದುರಿಗೇ ಬಹುಮಟ್ಟಿಗೆ ಮರೆಯಾಗಿ, ಇತ್ತೀಚಿನ ವರ್ಷಗಳಲ್ಲಿ ಆಸಕ್ತರ ಪ್ರಯತ್ನದಿಂದ ಮತ್ತೆ ಮಗ್ಗವೇರಿದೆ.

ಕುಣಿಮಗ್ಗದಲ್ಲಿ ಕುಳಿತಿದ್ದ ವೃದ್ಧ ನೇಕಾರರೊಬ್ಬರು ಒಮ್ಮೆ ನನಗೆ ಹೇಳಿದರು: "ಸರ್ ಅವ್ರ, ನಮ್ಮ ಸೀರಿ ಊರ ಅಗಸಿ ದಾಟೂದ್ರಾಗ ಹೆಸರು ಬ್ಯಾರೆ ಆಗಿರ್ತೈತ್ರಿ." ಕುಮಟೆಯ ಬಂದರಿನ ಕಥೆಯೇ ಅಗಸಿಯ ಬಾಗಿಲಲ್ಲಿ ಮರುಕಳಿಸುತ್ತಿದೆಯಲ್ಲ ಎಂದು ನನಗೆ ಅನಿಸಿತು.

ಹಾಗಾದರೆ ನಾಲ್ಕು ಮಗ್ಗಗಳ ಒಡೆಯನೊಬ್ಬ ತನ್ನ ಸರಕಿಗೆ ಹೆಸರು ಕಟ್ಟಬೇಕಾದರೆ ಎಲ್ಲಿಂದ ಆರಂಭಿಸಬೇಕು? ಬಣ್ಣದ ಚೀಟಿಯಿಂದ, ಚಿತ್ರದಿಂದ ಎಂದು ಹಲವರು ತಿಳಿಯುತ್ತಾರೆ. ಇತಿಹಾಸ ಹೇಳುವ ಕ್ರಮ ಬೇರೆ. ಏನಾದರೂ ಸರಿ, ಇದನ್ನು ಮಾತ್ರ ಬಿಡೆನು ಎಂಬ ನೇಮ ಮೊದಲು ಗೊತ್ತಾಗಬೇಕು. ನೂಲಿನ ಎಣಿಕೆಯೋ, ಬಣ್ಣದ ಗಟ್ಟಿತನವೋ, ಕೈಮಗ್ಗದ ನೇಯ್ಗೆಯೋ, ಅದು ಬರವಣಿಗೆಯಲ್ಲಿರಬೇಕು. ಎರಡನೆಯದು, ಇದು ಯಾರಿಗಾಗಿ ಎಂಬ ವಿವೇಚನೆ. ದಿನದ ಉಡುಗೆಗೆ ಕೊಳ್ಳುವವಳ ಅಪೇಕ್ಷೆ ಬೇರೆ, ಹರಕೆಗೆ ಕೊಳ್ಳುವವಳ ಅಪೇಕ್ಷೆ ಬೇರೆ. ಆಮೇಲೆ ನಾಲಿಗೆಗೆ ಸುಲಭವಾದ, ಊರಿನ ವಾಸನೆಯಿರುವ ಹೆಸರು, ಕೊನೆಗೆ ಚಿಹ್ನೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಗಂಧದ ಸಾಬೂನು ಆನೆಯ ತಲೆ, ಸಿಂಹದ ಮೈಯ ಶರಭವನ್ನು ಲಾಂಛನವಾಗಿ ಆರಿಸಿಕೊಂಡಿತು. ಶರಭ ನೆನಪಿನಲ್ಲುಳಿದದ್ದು ಒಳಗಿನ ಗಂಧದೆಣ್ಣೆ ನಿಜವಾಗಿದ್ದುದರಿಂದ.

ಇನ್ನು ಕಾನೂನು. 1999ರಲ್ಲಿ ನಮ್ಮ ಸಂಸತ್ತು ಎರಡು ಕಾಯಿದೆಗಳನ್ನು ಮಾಡಿತು. ಒಂದು ವ್ಯಾಪಾರಮುದ್ರೆಯದು, ಇನ್ನೊಂದು ಭೌಗೋಳಿಕ ಸೂಚಿಯದು. ಇವೆರಡೂ ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ವ್ಯಾಪಾರಮುದ್ರೆ ಅದನ್ನು ನೋಂದಾಯಿಸಿದವನ ಸ್ವತ್ತು. ಭೌಗೋಳಿಕ ಸೂಚಿ ಊರಿನ ಸ್ವತ್ತು, ಅದನ್ನು ಒಬ್ಬನೇ ಮಾರಿಕೊಳ್ಳಲು ಬಾರದು. ಎರಡನ್ನೂ ಹತ್ತು ವರ್ಷಗಳಿಗೊಮ್ಮೆ ನವೀಕರಿಸಬೇಕು. ನೆರೆಯ ಇಳಕಲ್ಲಿನ ಸೀರೆಗೂ ನವಲಗುಂದದ ಜಮಖಾನೆಗೂ ಈ ಎರಡನೆಯ ರಕ್ಷಣೆ ದೊರೆತಿದೆ. 2006ರಿಂದ ಕೈಮಗ್ಗದ ಬಟ್ಟೆಗೆ ಕೇಂದ್ರ ಸರಕಾರದ ಪ್ರತ್ಯೇಕ ಗುರುತೂ ಇದೆ. ಊರಿನ ಹೆಸರು ಎಲ್ಲರ ಛತ್ರ, ಸ್ವಂತದ ಮುದ್ರೆ ಅದರೊಳಗಿನ ಮನೆಯ ಅಂಕಿತ. ಸಣ್ಣ ಉದ್ಯಮಿಗೆ ಎರಡೂ ಬೇಕು.

ಆದರೆ ಒಂದು ಮಾತು. ದಾಖಲೆಯ ಕಾಗದ ತಾನಾಗಿ ಕಾವಲು ಕಾಯುವುದಿಲ್ಲ. ಅಯ್ಯಾವೊಳೆಯವರಂತೆ ನೇಕಾರರೇ ಕೂಡಿ, ತಮ್ಮೊಳಗಿನ ಬೆರಕೆಯನ್ನು ತಾವೇ ತಡೆಯಬೇಕು. ಯಂತ್ರದ ಬಟ್ಟೆಗೆ ಕೈಮಗ್ಗದ ಚೀಟಿ ಅಂಟಿಸುವ ಒಬ್ಬನಿಂದ ನೂರು ಮಗ್ಗಗಳ ಬಾಯಿಗೆ ಮಣ್ಣು ಬೀಳುತ್ತದೆ. ಅಷ್ಟೇ ಮಟ್ಟಿಗೆ ಇದು ನಮ್ಮ ಹೊಣೆಯೂ ಹೌದು. ಅಂಗಡಿಯಲ್ಲಿ ಸೆರಗನ್ನು ಹಿಡಿದು ಬೆಲೆ ಕೇಳುವ ನಾವು, ಇದನ್ನು ನೇಯ್ದ ಊರು ಯಾವುದೆಂದು ಒಮ್ಮೆ ಕೇಳಿದರೆ ಅಂಗಡಿಕಾರನೂ ಅದನ್ನು ತಿಳಿದಿಟ್ಟುಕೊಳ್ಳಬೇಕಾಗುತ್ತದೆ. ಆಗ ಗಜೇಂದ್ರಗಡದ ಸೀರೆ ಗಜೇಂದ್ರಗಡದ ಹೆಸರಿನಲ್ಲಿಯೇ ಅಗಸಿ ದಾಟೀತು. ಮಗ್ಗದ ಕುಣಿಗೆ ಇಳಿಯಲು ಮಗನೂ ಮನಸ್ಸು ಮಾಡಿಯಾನು.