ಬ್ರೇಕ್ ಸದ್ದು (ಕಾರು)

ಕಾರಿನ ಬ್ರೇಕ್ ಒತ್ತಿದಾಗ ಕೇಳಿಬರುವ ಕಿರುಗುಟ್ಟುವ ಅಥವಾ ಕರಕರ ಶಬ್ದ. ತಿರುಗುವ ಡಿಸ್ಕನ್ನು ಪ್ಯಾಡ್‌ಗಳು ಹಿಡಿಯುವಾಗ ಹುಟ್ಟುವ ಕಂಪನವೇ ಕಿರುಗುಟ್ಟುವಿಕೆಯ ಮೂಲ. ಸದ್ದು ಬಂದೊಡನೆ ಪ್ಯಾಡ್ ಬದಲಿಸುವುದುಂಟು. ಆದರೆ ಸದ್ದಿನ ಬಗೆಯೇ ಕಾರಣದ ಸುಳಿವು ಕೊಡುವುದರಿಂದ ಮೊದಲು ಚಕ್ರ ಬಿಚ್ಚಿ ನೋಡುವುದು ಸರಿಯಾದ ಕ್ರಮ. ಮಳೆಗೆ ನೆನೆದ ಡಿಸ್ಕಿನ ತೆಳು ತುಕ್ಕಿನ ಸದ್ದು ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಅಡಗುತ್ತದೆ. ವಿಜಯನಗರ ಜಿಲ್ಲೆಯ ಮಾಗಳ, ಹಡಗಲಿ, ಕೂಡ್ಲಿಗಿ ಕಡೆಯ ಬಯಲುಸೀಮೆಯ ಮಣ್ಣುದಾರಿಗಳಲ್ಲಿ ಓಡುವ ಕಾರಿನ ಪ್ಯಾಡ್, ಡ್ರಮ್‌ಗಳಲ್ಲಿ ದೂಳು ಸೇರಿಯೂ ಸದ್ದಾಗಬಹುದು. ಆಗ ಬ್ರೇಕ್ ಕ್ಲೀನರ್‌ನಿಂದ ಶುಚಿಗೊಳಿಸಿ, ಬಿಗಿದ ಕ್ಯಾಲಿಪರ್ ಪಿನ್‌ಗಳಿಗೆ ಶಾಖ ತಾಳುವ ಗ್ರೀಸ್ ಹಚ್ಚಬೇಕು.

ಬ್ರೇಕ್ ಚೆನ್ನಾಗಿ ಹಿಡಿಯುತ್ತಿರುವಾಗ ಸದ್ದಿಗೆ ಅಂಜಬೇಕೇಕೆ ಎಂಬ ಆಕ್ಷೇಪ ನಿಲ್ಲದು. ಹಲವು ಪ್ಯಾಡ್‌ಗಳಲ್ಲಿ ಸವೆತ ಮಿತಿ ಮುಟ್ಟಿದಾಗ ಡಿಸ್ಕಿಗೆ ತಾಗಿ ಕಿರುಗುಟ್ಟುವ ಲೋಹದ ಪಟ್ಟಿ ಇರುತ್ತದೆ. ಆ ಸದ್ದು ಹಿಡಿತ ಕೆಡುವ ಮೊದಲೇ ಬರುವ ಎಚ್ಚರಿಕೆ. ಅದನ್ನು ಕಡೆಗಣಿಸಿದರೆ ಲೋಹಕ್ಕೆ ಲೋಹ ಉಜ್ಜಿ ಡಿಸ್ಕೂ ಹಾಳಾಗಿ ಖರ್ಚು ಹೆಚ್ಚುತ್ತದೆ. ಪ್ಯಾಡಿನ ಉಜ್ಜುಪದರ ಸುಮಾರು 3 ಮಿ.ಮೀ.ಗೆ ಇಳಿದರೆ ಎಡಬಲ ಎರಡೂ ಚಕ್ರಗಳದ್ದನ್ನು ಒಟ್ಟಿಗೇ ಬದಲಿಸಬೇಕು. ಸದ್ದಡಗಿಸಲು ಡಿಸ್ಕಿಗೆ ಎಣ್ಣೆ ಹಾಕುವುದು ಹಿಡಿತವನ್ನೇ ಕಳೆಯುವ ಅಪಾಯಕಾರಿ ಕೆಲಸ.