ಆಗಸದಲ್ಲಿಟ್ಟ ವಸ್ತುವಿನ ಹೊಣೆ

ಚಂದ್ರನ ಗತಿಯನ್ನು ಅಳೆದು ಎಣಿಸುವ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ಯಲ್ಲಿ ಜ್ಯೋತಿಷ್ಕ ಲೋಕದ ವಿಸ್ತಾರವಾದ ವರ್ಣನೆಯಿದೆ. ಕ್ರಿ.ಶ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗತಿ, ಗ್ರಹಣಗಳ ಗಣಿತವನ್ನು ನಿರೂಪಿಸಿದರು. ಅವರು ಹೆಸರಿಸಿದ ವಿಜ್ಜಡವಿಡವು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ, ಮಹಾರಾಷ್ಟ್ರದ ಪಾಟಣವೆಂದು ಇನ್ನು ಕೆಲವರೂ ವಾದಿಸುತ್ತಾರೆ. ವಾದವೇನೇ ಇರಲಿ, ಆ ಹೆಸರು ಆಕಾಶವನ್ನೇ ಏರಿತು. 1979ರ ಜೂನ್ 7ರಂದು ಹಾರಿದ ಭಾರತದ ಭೂವೀಕ್ಷಣಾ ಉಪಗ್ರಹಕ್ಕೆ ‘ಭಾಸ್ಕರ’ ಎಂದೇ ಹೆಸರಿಡಲಾಯಿತು.

ಅದಕ್ಕೂ ಮೊದಲಿನದು ‘ಆರ್ಯಭಟ’. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾದ 360 ಕಿಲೋಗ್ರಾಂ ತೂಕದ ಈ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಿಂದ ಕಕ್ಷೆ ಸೇರಿತು. ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತವು. ಆದರೆ ಅದರ ಕಾಯವು 1992ರ ಫೆಬ್ರವರಿಯವರೆಗೆ ಭೂಮಿಯನ್ನು ಸುತ್ತುತ್ತಲೇ ಇತ್ತು.

ನಿಸರ್ಗದ ಚಂದ್ರನಿಗೂ ಮನುಷ್ಯನು ನಿರ್ಮಿಸಿದ ಚಂದ್ರನಿಗೂ ಗುರುತ್ವದ ನಿಯಮ ಒಂದೇ. ಹತ್ತಿರವಿದ್ದುದು ಬೇಗ ಸುತ್ತುತ್ತದೆ, ದೂರವಿದ್ದುದು ನಿಧಾನವಾಗಿ ಸುತ್ತುತ್ತದೆ. ಸುಮಾರು 3,84,400 ಕಿಲೋಮೀಟರ್ ದೂರದ ಚಂದ್ರನಿಗೆ ಒಂದು ಸುತ್ತಿಗೆ 27 ದಿನಗಳಿಗೂ ಮಿಕ್ಕಿದ ಕಾಲ ಬೇಕು. ಆರ್ಯಭಟಕ್ಕೆ ಸುಮಾರು 96 ನಿಮಿಷ ಸಾಕಾಗಿತ್ತು. ಭೇದವಿರುವುದು ಅಂತ್ಯದಲ್ಲಿ. ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಕೆಳಕಕ್ಷೆಯ ಉಪಗ್ರಹವಾದರೋ ಅತಿ ವಿರಳವಾದ ಗಾಳಿಯ ತಡೆಯಿಂದ ಕ್ರಮೇಣ ಇಳಿದು ಉರಿದುಹೋಗುತ್ತದೆ. ಇನ್ನು 35,786 ಕಿಲೋಮೀಟರ್ ಎತ್ತರದಲ್ಲಿರುವ, ಹಾಸನದ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವಂಥ ಸಂಪರ್ಕ ಉಪಗ್ರಹಗಳು ತಾವಾಗಿ ಬೀಳುವುದೇ ಇಲ್ಲ. ಆಯುಸ್ಸು ಮುಗಿದಾಗ ಅವುಗಳನ್ನು ಇನ್ನೂ ಮೇಲಿನ ಕಕ್ಷೆಗೆ ತಳ್ಳಬೇಕಾಗುತ್ತದೆ.

ಮುಸ್ಸಂಜೆಯಲ್ಲಿ ನಿಡೋಣಿಯ ಹೊಲದ ಬದುವಿನ ಮೇಲೆ ನಿಂತು ನೋಡಿದವರಿಗೂ ಮಿನುಗದೆ ಸಾಗುವ ಚುಕ್ಕೆಗಳು ಕಂಡಾವು. ಅವುಗಳಲ್ಲಿ ಕಾರ್ಯನಿರತವಾದ ಉಪಗ್ರಹಗಳೂ ಇವೆ, ಬರಿದೇ ಸುತ್ತುವ ಕಳೇಬರಗಳೂ ಇವೆ. 2009ರ ಫೆಬ್ರವರಿ 10ರಂದು ಅಮೆರಿಕದ ಇರಿಡಿಯಂ ಉಪಗ್ರಹವೊಂದು ರಷ್ಯದ ನಿರುಪಯುಕ್ತ ಕಾಸ್ಮಾಸ್ ಉಪಗ್ರಹಕ್ಕೆ ಡಿಕ್ಕಿ ಹೊಡೆದು, ಗುರುತಿಸಬಲ್ಲ ಎರಡು ಸಾವಿರದಷ್ಟು ಚೂರುಗಳು ಚದುರಿದವು. 2019ರ ಮಾರ್ಚ್ 27ರಂದು ನಮ್ಮ ದೇಶವೇ ತನ್ನ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಒಡೆದು ಪರೀಕ್ಷೆ ನಡೆಸಿತು. ಕೆಳಕಕ್ಷೆಯಾದುದರಿಂದ ಚೂರುಗಳು ಬೇಗನೆ ಉದುರುವುವೆಂದು ಸರಕಾರ ತಿಳಿಸಿತ್ತು. ಬಹುಪಾಲು ಹಾಗೆಯೇ ಆಯಿತಾದರೂ, ಮೇಲಕ್ಕೆ ಸಿಡಿದ ಕೆಲವು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಉಳಿದವು.

ಇನ್ನೊಂದು ಉದಾಹರಣೆ ಸಮಾಧಾನ ತರುವಂಥದು. ಭಾರತ ಮತ್ತು ಫ್ರಾನ್ಸ್ ಕೂಡಿ 2011ರಲ್ಲಿ ಹಾರಿಸಿದ ‘ಮೇಘಾ-ಟ್ರಾಪಿಕ್ಸ್’ ಉಷ್ಣವಲಯದ ಹವಾಮಾನವನ್ನು ಅಧ್ಯಯನ ಮಾಡಿತು. ಹಾಗೆಯೇ ಬಿಟ್ಟಿದ್ದರೆ ಸುಮಾರು ಒಂದು ಸಾವಿರ ಕಿಲೋಗ್ರಾಂ ತೂಕದ ಆ ಕಾಯವು ನೂರು ವರ್ಷಕ್ಕೂ ಮಿಗಿಲಾಗಿ ಸುತ್ತುತ್ತಿತ್ತು. ಅದರಲ್ಲಿ ಉಳಿದಿದ್ದ ಸುಮಾರು 125 ಕಿಲೋಗ್ರಾಂ ಇಂಧನವನ್ನು ಬಳಸಿ, ಹಂತಹಂತವಾಗಿ ಕೆಳಗಿಳಿಸಿ, 2023ರ ಮಾರ್ಚ್ 7ರಂದು ನಿರ್ಜನವಾದ ಪೆಸಿಫಿಕ್ ಸಾಗರದ ಮೇಲೆ ಅದನ್ನು ದಹಿಸಲಾಯಿತು. ಇಂಥ ಅಂತ್ಯಕ್ಕಾಗಿ ಆ ಉಪಗ್ರಹವನ್ನು ರಚಿಸಿರಲಿಲ್ಲ; ಇಂಧನ ಮಿಕ್ಕಿತ್ತು, ಸಂಕಲ್ಪವಿತ್ತು. 2030ರ ಹೊತ್ತಿಗೆ ತನ್ನ ಯಾನಗಳೆಲ್ಲ ಅವಶೇಷರಹಿತವಾಗಬೇಕೆಂಬ ಗುರಿಯನ್ನು ಭಾರತವು 2024ರಲ್ಲಿ ಘೋಷಿಸಿತು.

ಪಂಚ ಸಮಿತಿಗಳಲ್ಲಿ ಆದಾನ-ನಿಕ್ಷೇಪಣವೂ ಉತ್ಸರ್ಗವೂ ಸೇರಿರುವುದನ್ನು ಶ್ರಾವಕರು ಬಲ್ಲರು. ವಸ್ತುವನ್ನು ಎತ್ತುವಾಗ, ಇಡುವಾಗ, ತ್ಯಜಿಸುವಾಗ ಜೀವಕ್ಕೆ ನೋವಾಗದಂತೆ ನೋಡಿ ನಡೆಯಬೇಕೆಂಬುದೇ ಅವುಗಳ ಸಾರ. ಮುನಿಗಳ ಪಿಂಛಿ-ಕಮಂಡಲಗಳ ವಿಷಯದಲ್ಲಿ ಹೇಳಿದ ಎಚ್ಚರ ಉಪಗ್ರಹಕ್ಕೂ ಸಲ್ಲುತ್ತದೆ. ಅದು ನಮ್ಮ ಸಂಸ್ಥೆಗಳಿಗೂ ಸಲ್ಲುವ ಮಾತು. ಹೊಸ ಕಟ್ಟಡವನ್ನೋ ದತ್ತಿಯನ್ನೋ ಸ್ವೀಕರಿಸುವಾಗ ಉದ್ಘಾಟನೆಯ ದಿನವನ್ನು ಗೊತ್ತುಮಾಡುವ ಮೊದಲು, ಮುಂದೆ ಅದನ್ನು ಕಾಯುವವರಾರು, ಜೀರ್ಣವಾದಾಗ ಅದರ ಭಾರ ಯಾರ ಮೇಲೆ ಬೀಳುವುದು ಎಂದು ವಿಚಾರಿಸಬೇಕು. ಮಿಕ್ಕಿದ ಇಂಧನದ ಭರವಸೆಯಲ್ಲಿರದೆ, ಕೊನೆಯ ಹೊಣೆಗೆ ಬೇಕಾದ ಪಾಲನ್ನು ಮೊದಲೇ ತೆಗೆದಿರಿಸುವುದು ಲೇಸು.