ಗಂಡನ ಹಾರ್ಟು, ಹೆಂಡ್ತಿ ಶುಗರು

ಹ್ವಾದ ರವಿವಾರ ನಮ್ಮಪ್ಪಗ ಸ್ವಲ್ಪ ಎದಿ ಉರಿ ಆತು. ನಮ್ಮವ್ವ ಇಡೀ ಮನಿ ಎಬ್ಬಿಸಿ, ದವಾಖಾನಿಗೆ ಕರಕೊಂಡ ಹೋಗಿ ಇಸಿಜಿ ಮಾಡಿಸಿದ್ಲು. ಗ್ಯಾಸ್ ಅಂತ ಗೊತ್ತಾದಮ್ಯಾಲೂ ಒಂದ ವಾರ ಅವರಿಗೆ ಉಪ್ಪಿನಕಾಯಿ ಬಂದ್. ಅಪ್ಪಗ ಶುಗರ್ ಇಲ್ಲ, ಬಿಪಿ ಇಲ್ಲ. ಶುಗರ್ ಇರೋದು ಅವ್ವಗ, ಹದಿನಾಲ್ಕ ವರ್ಷದಿಂದ. ಇತ್ತಿತ್ಲಾಗ ಮಾಳಗಿ ಹತ್ತೋದ್ರಾಗ ಎರಡ ಸಲ ಕೂಡ್ತಾಳ. "ಅವ್ವಾ, ನೀನೂ ಒಮ್ಮೆ ತೋರಿಸ್ಕೊ" ಅಂದ್ರ "ಹಾರ್ಟ್ ಅಟ್ಯಾಕ್ ಎಲ್ಲಾ ಗಂಡಸರ ಜಡ್ಡಪಾ, ನಂದೇನಿದ್ರೂ ಸಕ್ಕರಿ" ಅಂತ ಚಹಾಕ್ಕ ಇಟ್ಲು.

ಅಕಿ ಒಬ್ಬಾಕಿದ ತಪ್ಪಲ್ಲ ಬಿಡ್ರಿ. ಒಂದ ಕಾಲಕ್ಕ ಡಾಕ್ಟರ್ ಮಂದೀನೂ ಹಂಗ ತಿಳಕೊಂಡಿದ್ರು. 1964ರಾಗ ಅಮೆರಿಕಾದ ಓರೆಗಾನ್ ರಾಜ್ಯದಾಗ ಹಾರ್ಟ್ ಜಡ್ಡಿನ ಬಗ್ಗೆ ಹೆಂಗಸರಿಗಂತನ ಒಂದ ಸಮ್ಮೇಳನ ಆತು. ಹೆಸರು 'ಹಾರ್ಟ್ಸ್ ಅಂಡ್ ಹಸ್ಬಂಡ್ಸ್'. ಬಂದ ಹೆಂಗಸರಿಗೆ ಹೇಳಿಕೊಟ್ಟದ್ದು ಗಂಡನ ಹಾರ್ಟ್ ಹೆಂಗ ಕಾಯೋದು ಅಂತ! ಅವರ ಎದಿಯೊಳಗೂ ಒಂದ ಅದ ಅನ್ನೋದು ಯಾರ ನೆನಪಿಗೂ ಬಂದಂಗ ಕಾಣೂದಿಲ್ಲ.

ಅದ ದೇಶದ ಇನ್ನೊಂದ ಮೂಲ್ಯಾಗ, ಬಾಸ್ಟನ್ ಹತ್ರದ ಫ್ರಾಮಿಂಗ್‌ಹ್ಯಾಮ್ ಊರಾಗ, ಲೆಕ್ಕ ಬ್ಯಾರೇನ ಬರಲಿಕತ್ತಿತ್ತು. ಅಲ್ಲೆ 1948ರಾಗ ಒಂದ ಅಧ್ಯಯನ ಶುರು ಮಾಡಿ, 5,209 ಮಂದೀನ ಸೇರಿಸಿಕೊಂಡು, ಎರಡ ವರ್ಷಕ್ಕೊಮ್ಮೆ ಕರದು ತಪಾಸಣಿ ಮಾಡ್ತಿದ್ರು. ಅವರಾಗ 2,873 ಮಂದಿ ಹೆಂಗಸರು. ಗಂಡಸರನ್ನಷ್ಟ ಕರದಿದ್ರ ಮುಂದಿಂದು ಗೊತ್ತ ಆಗ್ತಿದ್ದಿಲ್ಲ.

ಶುಗರಿನ ಕಥಿನೂ ಅಷ್ಟರಾಗ ಬದಲಾಗಿತ್ತು. 1922ರ ಜನವರಿಯೊಳಗ ಟೊರಾಂಟೊದಾಗ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗ ಇನ್ಸುಲಿನ್ ಚುಚ್ಚಿದ್ರು. ಅದಕ್ಕೂ ಮೊದಲ ಸಣ್ಣ ವಯಸ್ಸಿನಾಗ ಸಕ್ಕರಿ ಬ್ಯಾನಿ ಹತ್ತಿದವರು ಕೋಮಾಕ್ಕ ಹೋಗಿ ಸಾಯ್ತಿದ್ರು. ಇನ್ಸುಲಿನ್ ಬಂದಮ್ಯಾಲೆ ಬದುಕಿದ್ರು. ಬದುಕಿದವರಿಗೆ ವರ್ಷ ಹೋದಂಗ ಹಾರ್ಟು, ಲಕ್ವಾ ಗಂಟ ಬಿದ್ವು.

1974ರಾಗ ಫ್ರಾಮಿಂಗ್‌ಹ್ಯಾಮ್‌ನವರು 18 ವರ್ಷದ ಲೆಕ್ಕ ತಗದ್ರು. ಹಾರ್ಟ್ ಫೇಲ್ಯೂರ್, ಅಂದ್ರ ಹಾರ್ಟ್ ರಕ್ತ ದಬ್ಬಲಾರದ ಸೋಲೋದು, ಶುಗರ್ ಇದ್ದ ಗಂಡಸರಾಗ ಎರಡ ಪಟ್ಟಿಗಿಂತ ಹೆಚ್ಚು, ಹೆಂಗಸರಾಗ ಐದ ಪಟ್ಟು. 1979ರಾಗ ವಿಲಿಯಂ ಕ್ಯಾನಲ್ ಮತ್ತ ಡೇನಿಯಲ್ ಮೆಕ್‌ಗೀ ಇಪ್ಪತ್ತ ವರ್ಷದ ಲೆಕ್ಕ ಬರದ್ರು. ರಕ್ತನಾಳ ಕಟ್ಟೋ ಜಡ್ಡು ಶುಗರ್ ಇದ್ದವರಿಗೆ ಎರಡ-ಮೂರ ಪಟ್ಟು ಹೆಚ್ಚು, ಅದರಾಗೂ ಹೆಂಗಸರಿಗೆ ಪೆಟ್ಟು ಜಾಸ್ತಿ. ನಾ ಎರಡ ಸಲ ಓದಿದ್ದು ಇದನ್ನ: ಶುಗರ್ ಇಲ್ಲದ ಗಂಡಸರಿಗಿಂತ ಶುಗರ್ ಇದ್ದ ಹೆಂಗಸರಿಗೆ ಈ ಜಡ್ಡೂ ಹೆಚ್ಚು, ಸಾವೂ ಹೆಚ್ಚು. ಹೆಂಗಸರಿಗೆ ದೇವರು ಕೊಟ್ಟ ರಿಯಾಯ್ತಿ ಅಂತಾರಲ್ಲ, ಅದನ್ನ ಸಕ್ಕರಿ ನುಂಗಿ ಕೂತಿರ್ತದ.

ಇನ್ನೊಂದ ಕುತಂತ್ರ ಅದ ಈ ಜಡ್ಡಿಂದು. ಬಹಳ ವರ್ಷ ಶುಗರ್ ಇದ್ರ ನರ ಮೊಂಡ ಬೀಳ್ತಾವ, ಎದಿ ನೋಯದನ ಅಟ್ಯಾಕ್ ಆಗಿ ಹೋಗಬಹುದು. ಬರೇ ದಮ್ಮು, ಬರೇ ಸುಸ್ತು. ನಮ್ಮ ಮನ್ಯಾಗ ಅದಕ್ಕ 'ವಯಸ್ಸಾತು' ಅಂತೇವಿ.

ನಿನ್ನೆ ರಾತ್ರಿ ಇಷ್ಟೂ ಅವ್ವಗ ಹೇಳಿದೆ. ಅವರಿಕಾಯಿ ಸುಲಿಕೋತ ಕೇಳಿದ್ಲು.

"ಶುಗರ್ ಇಲ್ಲದ ಗಂಡಸರು ಅಂದ್ರ, ನಿಮ್ಮಪ್ಪನಂಥಾವರಿಗಿಂತಾನೂ?"

"ಹೂಂ ಅವ್ವಾ."

ಒಳಗ ಅಪ್ಪ ಗೊರಕಿ ಹೊಡೀಲಿಕತ್ತಿದ್ರು. ಅವ್ವ ಸಿಪ್ಪಿ ಎಲ್ಲಾ ಬಳದ ಬುಟ್ಟಿಗೆ ಹಾಕಿ ಎದ್ದಳು.

"ಇಸಿಜಿಗೆ ಖಾಲಿ ಹೊಟ್ಯಾಗ ಹೋಗಬೇಕೇನು?"